ಕೈತೋಟದ ಪಾಠ, ನಮ್ಮತ್ತೆಯ ಬೆರಕೆ ಸೊಪ್ಪು

ಗೌರಿ ಬಾಗಿನ ತಂದಿದ್ದ ಅಣ್ಣನ ಜೊತೆ ಕನಕಪುರದ ಅತ್ತಿಗೆನೂ ಬಂದಿದ್ರು. ಉಂಡು ಕೈ ತೊಳ್ಕಳೋವಾಗ, "ನಿಮ್ಮತ್ತೆ ಮಾಡೋ ಬೆರಕೆ ಸೊಪ್ಪಿನ ಮಸ್ಸೊಪ್ಪು ಹೆಂಗೆ ಅಂತ ವಸಿ ಬರ್ದು ಕಳ್ಸೇ" ಅಂದ್ರು. ಅದೇನು ಮಹಾ, ಬರೀತೀನಿ ಅಂತ ಒಪ್ಕಂಡೆ. ಬರೆಯಕ್ಕೆ ಕೂತಾಗ ಗೊತ್ತಾಯ್ತು ನೋಡಿ, ನಂಗೆ ಬೇಯಿಸಕ್ಕೆ ಬರುತ್ತೆ, ಕೀಳಕ್ಕೆ ಬರಲ್ಲ. ಇಪ್ಪತ್ತೆರಡು ವರ್ಷದಿಂದ ಈ ಮನೇಲಿ ಬೆರಕೆ ಸೊಪ್ಪು ಬೇಯಿಸ್ತಾ ಇದ್ದೀನಿ. ಕುಕ್ಕೇಲಿ ತಂದು ಮುಂದೆ ಸುರಿಯೋರು ಮಾತ್ರ ನಮ್ಮತ್ತೆ. ಅದರೊಳಗೆ ಏನೇನಿದೆ ಅಂತ ನಾನು ಒಂದಿನಾನೂ ಕೇಳಿದೋಳಲ್ಲ.

ಈಗ ನಮ್ಮತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ದಸರಾ ಕಳೆದ ಮೇಲೆ ಒಂದು ಕಣ್ಣಿಗೆ ಆಪರೇಷನ್ ಅಂತ ಡಾಕ್ಟ್ರು ದಿನ ಗೊತ್ತುಮಾಡಿದ್ದಾರೆ. ಹಂಗಾಗಿ ಈ ಸಲದ ಮಳೆಗಾಲದಲ್ಲಿ ನಮ್ಮನೇಲಿ ಬೆರಕೆ ಸೊಪ್ಪೇ ಇಲ್ಲ. ಹೊಲದ ತುಂಬ ಸೊಪ್ಪು ಇದೆ, ಗುರುತು ಹಿಡಿಯೋರಿಲ್ಲ.

ಈ ಮಾತು ಮನಸ್ಸಲ್ಲಿ ಕೊರೀತಾ ಇರೋವಾಗ್ಲೇ ಅಂಗನವಾಡಿ ಮೇಡಂ ಬಂದು, "ಪೋಷಣ ಮಾಸದ ಕಾರ್ಯಕ್ರಮ ಐತೆ, ಒಂದಿನ ಪೂರ್ತಿ ಬರ್ಬೇಕು, ಮನೆಯಿಂದ ಒಂದು ಅಡುಗೆನೂ ತರ್ಬೇಕು" ಅಂತ ಹೇಳಿ ಹೋದ್ರು. ನಿಮ್ಮೂರಲ್ಲೂ ನಡೆದಿರುತ್ತೆ. 2018ರಿಂದ ಪ್ರತಿ ಸೆಪ್ಟೆಂಬರಿನಲ್ಲೂ ಇದು ನಡೀತಾ ಬಂದಿದೆ. ಮೊದಲೆಲ್ಲ ಬಸುರಿ ಬಾಣಂತಿಯರಿಗೆ ಮಡಿಲು ತುಂಬಿಸಿ, ಮಕ್ಕಳ ತೂಕ ನೋಡಿ ಮುಗಿಸ್ತಿದ್ರು. ಈ ಸಲ ಬೆಳಿಗ್ಗೆ ಕೈತೋಟದ ಪಾಠ, ಮಧ್ಯಾಹ್ನ ನಮ್ಮ ಕಡೆ ಊಟದ ಮಾತು ಅಂತ ಇಟ್ಕಂಡಿದ್ರು. ಪಾಠ ಹೇಳಕ್ಕೆ ನಮ್ಮ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳೀಲಿ ಕೃಷಿ ವಿಜ್ಞಾನ ಕೇಂದ್ರ ಇದೆಯಲ್ಲ, ಅಲ್ಲಿಂದ ಬಂದಿದ್ರು.

ಅಡುಗೆ ಏನು ತಗೊಂಡು ಹೋಗೋದು ಅಂತ ಹಿಂದಿನ ದಿನವೇ ಮನೇಲಿ ಮಾತು ಬಂತು. ನಾನು ರಾಗಿ ಉಂಡೆ ಕಟ್ಟಿ, ಮೇಲೊಂದೊಂದು ಗೋಡಂಬಿ ಇಟ್ಟು, ಸ್ಟೀಲ್ ಡಬ್ಬಿಗೆ ಜೋಡಿಸಿದ್ದೆ. ನಮ್ಮತ್ತೆ, "ಪ್ಯಾಟೆ ಬೇಕ್ರೀಲೂ ಸಿಗ್ತದೆ ಉಂಡೆ. ಬೆರಕೆ ಸೊಪ್ಪಿನ ಎಸ್ರು ತಕ್ಕೊಂಡೋಗವ್ವ" ಅಂದ್ರು. "ಅಯ್ಯೋ ಅತ್ತೆಮ್ಮ, ಅಷ್ಟು ಜನದ ಮುಂದೆ ಬೆರಕೆ ಸೊಪ್ಪಾ? ನೋಡಿದೋರು ಏನಂದ್ಕಂಡಾರು?" ಅಂದ್ಬುಟ್ಟೆ. ಅವರು ಮತ್ತೆ ಮಾತಾಡ್ಲಿಲ್ಲ.

ನಿಮ್ಮ ಹತ್ರ ಮುಚ್ಚಿಡೋದೇನು? ನಾನು ಹೈಸ್ಕೂಲಿಗೆ ಹೋಗೋವಾಗ ಮುದ್ದೆ, ಬೆರಕೆ ಸೊಪ್ಪು ತಗೊಂಡೋದ ದಿನ ಡಬ್ಬಿ ಮುಚ್ಚಳ ಅರ್ಧ ಮುಚ್ಕಂಡೇ ಉಣ್ತಿದ್ದೆ. ಪಕ್ಕದೋಳ ಡಬ್ಬೀಲಿ ಚಿತ್ರಾನ್ನ ಇರ್ತಿತ್ತು. ಆ ಮುಚ್ಚಳ ಇನ್ನೂ ನನ್ನ ಕೈಲೇ ಇದೆ ಅಂತ ಆವತ್ತು ಗೊತ್ತಾಗ್ಲಿಲ್ಲ.

ಬೆಳಿಗ್ಗೆ ಸಮುದಾಯ ಭವನಕ್ಕೆ ಹೋದ್ವಿ. ನಮ್ಮತ್ತೇನೂ ಕರ್ಕೊಂಡು ಹೋಗಿದ್ದೆ. ಸ್ತ್ರೀಶಕ್ತಿ ಸಂಘದೋರು, ಸೊಸೆಯಂದಿರು, ಕಾಲೇಜಿನ ಒಂದಷ್ಟು ಹೆಣ್ಮಕ್ಕಳು ಎಲ್ಲ ಇದ್ರು. ಕೈತೋಟದ ಪಾಠ ಚೆನ್ನಾಗೇ ಆಯ್ತು. ಬರದೇ ಇದ್ದೋರಿಗೆ ಅಂತ ನಾನು ಗುರುತು ಹಾಕ್ಕೊಂಡಿದ್ದನ್ನ ಹೇಳ್ತೀನಿ.

ಮಡಿ ಮೂರು ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಚಾಚಿದ್ರೆ ನಡು ಸಿಗ್ಬೇಕು, ಮಡಿ ತುಳಿಯಂಗಿರಬಾರದು. ನುಗ್ಗೆ, ಪರಂಗಿ, ನಿಂಬೆ, ಕರಿಬೇವು ಇಂಥ ಎತ್ತರದವನ್ನ ಹಿತ್ತಿಲಿನ ಬಡಗಲ ಕಡೆ ಹಾಕಿದ್ರೆ ಮಿಕ್ಕ ಗಿಡಕ್ಕೆ ನೆರಳಾಗಲ್ಲ. ಬಚ್ಚಲ ನೀರು ಹೋಗೋ ಕಡೆ ಬಾಳೆ. ದಂಟಿನ ಬೀಜ ಸಾಸಿವೆಗಿಂತ ಸಣ್ಣದು, ಬರಿಗೈಲಿ ಚೆಲ್ಲಿದ್ರೆ ಒಂದೇ ಕಡೆ ಗುಂಪಾಗುತ್ತೆ. ಅದಕ್ಕೆ ಮರಳು ಬೆರೆಸಿ ಚೆಲ್ಲಬೇಕು. ಎಲ್ಲ ಬೀಜ ಒಂದೇ ದಿನ ಹಾಕದೆ ವಾರಕ್ಕೊಂದು ಮಡಿ ಹಾಕಿದ್ರೆ ವಾರ ವಾರವೂ ಎಳೇ ಸೊಪ್ಪು. ಹುಳ ಬಿದ್ರೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ಅದು ನೀರಲ್ಲಿ ಕಲೀಲಿ ಅಂತ ವಸಿ ಸೋಪಿನ ನೀರು ಹಾಕಿ, ಸಂಜೆ ಹೊತ್ತು ಹೊಡೀಬೇಕು. ಬದನೆ, ಟೊಮೊಟೊ ಪಕ್ಕ ಚೆಂಡುಹೂವು ಇದ್ರೆ ಬೇರಿಗೆ ಬರೋ ಜಂತುಹುಳದ ಕಾಟ ಕಮ್ಮಿ.

ಆಮೇಲೆ ಬೀಜದ ಪೊಟ್ಟಣ ಹಂಚುದ್ರು. ನಮ್ಮತ್ತೆ ಪೊಟ್ಟಣ ಕೈಲಿ ಹಿಡ್ಕಂಡು, "ಈ ಬೀಜ ಹಾಕಿ, ಅದರ ಬೀಜ ಮತ್ತೆ ಮುಂದ್ಲೊರ್ಸ ಬಿತ್ತಿದ್ರೆ ಬತ್ತದಾ ತಾಯಿ?" ಅಂತ ಕೇಳುದ್ರು. ಎಲ್ರೂ ಕೇಳಬೇಕಾಗಿದ್ದ ಪ್ರಶ್ನೆ ಅದು. ಮೇಡಂ ಬಿಡಿಸಿ ಹೇಳುದ್ರು. ಪೊಟ್ಟಣದ ಮೇಲೆ ಹೈಬ್ರಿಡ್ ಅಂತಿದ್ರೆ ಅದರ ಬೀಜ ಇಟ್ಟು ಪ್ರಯೋಜನವಿಲ್ಲ, ಮುಂದಿನ ಪೈರು ತಾಯಿ ಹಂಗೆ ಬರಲ್ಲ. ತಳಿ ಅಂತಿದ್ರೆ ಇಟ್ಕಬೌದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಅನ್ನೋ ದಂಟು ಅಂಥದ್ದು. ಬಿತ್ತಿ ತಿಂಗಳೊಳಗೆ ಕೊಯ್ಲಿಗೆ ಬರುತ್ತೆ, ಬೇರು ಸಮೇತ ಕೀಳದೆ ಕೊಯ್ತಾ ಹೋದ್ರೆ ಮತ್ತೆ ಮತ್ತೆ ಚಿಗುರುತ್ತೆ. ನಾಲ್ಕು ಗಿಡ ಮಾತ್ರ ಬೀಜಕ್ಕೆ ಬಿಟ್ರೆ ಸಾಕು.

ಅವರೆ ಮಾತು ಬರದೆ ಮಾಗಡಿ ಸೀಮೇಲಿ ಯಾವ ಸಭೆ ಮುಗೀತದೆ ಹೇಳಿ? ಬೆಂಗಳೂರಿನ ಅವರೆ ಮೇಳಕ್ಕೂ ಕಾಯಿ ಹೋಗೋದು ನಮ್ಮ ಕಡೆಯಿಂದಲೇ. ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದೋರು ಮಾಡಿದ ಎಚ್.ಎ.-4 ಅವರೆ ಯಾವ ಕಾಲದಲ್ಲಿ ಬಿತ್ತಿದ್ರೂ ಕಾಯಿ ಬಿಡುತ್ತೆ. ನಮ್ಮ ನಾಟಿ ಅವರೆ ಹಂಗಲ್ಲ. ಹೊತ್ತು ಚಿಕ್ಕದಾಗಿ ಚಳಿ ಬಿದ್ದ ಮೇಲೇ ಹೂವು. ಸಿಪ್ಪೆ ಮೇಲೆ ಎಣ್ಣೆ ಹಂಗೆ ಅಂಟಂಟು ಬರುತ್ತಲ್ಲ, ಸೊಗಡು ಇರೋದು ಅದರಲ್ಲೇ. ಮುಂಚೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಎಲ್ಲ ಹಾಕ್ತಿದ್ರು. ಒಂದು ಹೋದ್ರೆ ಇನ್ನೊಂದು ಕೈ ಹಿಡೀತಿತ್ತು.

ಮಧ್ಯಾಹ್ನ ಊಟದ ಮಾತು. 100 ಗ್ರಾಂ ರಾಗೀಲಿ ಸುಮಾರು 340ರಿಂದ 360 ಮಿಲಿಗ್ರಾಂ ಸುಣ್ಣದ ಅಂಶ, ಅದೇ ಪಾಲಿಶ್ ಅಕ್ಕೀಲಿ 10 ಮಿಲಿಗ್ರಾಮೂ ಇಲ್ವಂತೆ. ಸೊಪ್ಪು ಉಂಡ ಕೂಡ್ಲೆ ಕಾಫಿ ಟೀ ಕುಡಿದ್ರೆ ಅದರಲ್ಲಿರೋ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ, ನಿಂಬೆಹಣ್ಣು ಹಿಂಡಿಕೊಂಡ್ರೆ ಚೆನ್ನಾಗಿ ಹತ್ತುತ್ತೆ ಅಂದ್ರು. ಉಂಡು ಕೈ ತೊಳೆಯೋ ಮೊದಲೇ ಕಾಫಿ ಲೋಟ ಹುಡುಕೋ ನಮ್ಮಂಥೋರಿಗೇ ಹೇಳಿದಂಗಿತ್ತು. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ ಅಂದಾಗ ಮಾತ್ರ ನಾವೆಲ್ಲ ನಕ್ವಿ. ಬಸಿದ ನೀರು ಚೆಲ್ಲಿದ್ರೆ ಬಸ್ಸಾರು ಎಲ್ಲಿಂದ ಬರಬೇಕು?

ಆಮೇಲೆ ಮೇಡಂ ಕಾಲೇಜು ಹುಡುಗೀರನ್ನ, "ಎಷ್ಟು ಸೊಪ್ಪಿನ ಹೆಸರು ಬರುತ್ತೆ?" ಅಂತ ಕೇಳುದ್ರು. ಪಾಲಕ್, ಮೆಂತ್ಯ, ದಂಟು, ಸಬ್ಬಸಿಗೆ, ಕೊತ್ತಂಬರಿ. ಅಲ್ಲಿಗೆ ನಿಂತೋಯ್ತು. ನನ್ನ ಮಗಳೂ ಅವರ ಜೊತೇಲೇ ಇದ್ಲು. ಹಿಂದಿನ ಸಾಲಲ್ಲಿ ಗೋಡೆಗೊರಗಿ ಕೂತಿದ್ದ ನಮ್ಮತ್ತೆ ಬೆರಳು ಮಡಿಸ್ತಾ ಶುರು ಮಾಡುದ್ರು. ಅಣ್ಣೆ, ಗಣಿಕೆ, ಕನ್ನೆ, ಗೋಣಿ, ಹೊನಗೊನ್ನೆ, ಚಿಲಕರಿವೆ, ಮುಳ್ಳುಕೀರೆ, ಚಗಚೆ, ಕೊಮ್ಮೆ, ಒಂದೆಲಗ, ಬಸಳೆ, ನುಗ್ಗೆ, ಅಗಸೆ, ಕುಂಬಳದ ಕುಡಿ, ಹುಣಸೆ ಚಿಗುರು... ಹದಿನೈದಾದ ಮೇಲೆ "ಇನ್ನೂ ಅವೆ, ಈಗ ಬಾಯಿಗೆ ಬರಾಕಿಲ್ಲ" ಅಂತ ನಿಲ್ಲಿಸುದ್ರು. ಎಲ್ರೂ ಚಪ್ಪಾಳೆ ಹೊಡೆದ್ರು.

ಮುಂದುಗಡೆ ಯಾರೋ ಒಬ್ರು, "ನೋಡಿ, ನಮ್ಮ ಹಿರಿಯರಿಗೆ ಆಗಲೇ ಗೊತ್ತಿತ್ತು, ಇವೆಲ್ಲ ಸೂಪರ್ ಫುಡ್ಡು" ಅಂದ್ರು. ಪ್ರೀತಿಯಿಂದಲೇ ಅಂದಿದ್ದು. ನಮ್ಮತ್ತೆ ಮಾತ್ರ ನಗಲಿಲ್ಲ. "ಗೊತ್ತಿತ್ತು ಅಂತ ತಿಂದಿದ್ದಲ್ಲ ಕಣವ್ವ. ಇರ್ನಿಲ್ಲ ಅಂತ ತಿಂದಿದ್ದು. ಬ್ಯಾಳೆ ಕೊಳ್ಳಾಕೆ ಕಾಸಿರ್ನಿಲ್ಲ. ಕಳೆ ಕೀಳಾಕೆ ಕೂಲಿಗೆ ಹೋದಾಗ ಮಡ್ಲಲ್ಲಿ ಕಟ್ಕಂಡು ಬಂದು, ಐದು ಮಕ್ಕಳಿಗೆ ಅದ್ನೇ ಬೇಯಿಸಿ ಇಕ್ತಿದ್ದೆ. ಉಂಡು ಬದುಕುದ್ರು, ಸೈ" ಅಂದ್ರು.

ಭವನ ಸುಮ್ನಾಯ್ತು. ಆ ಐದು ಮಕ್ಕಳಲ್ಲಿ ಒಬ್ರನ್ನ ಮದುವೆ ಆಗಿರೋಳು ನಾನು. ಆ ಹಸಿವನ್ನ ನಮ್ಮೆಜಮಾನ್ರು ಒಂದಿನಾನೂ ನನ್ನ ಹತ್ರ ಹೇಳಿದೋರಲ್ಲ. ಮಡಿಲಲ್ಲಿದ್ದ ಡಬ್ಬಿ ನೋಡ್ಕಂಡೆ. ಗೋಡಂಬಿ ಉಂಡೆ ಅಲ್ಲೇ ಕೂತಿತ್ತು. ಮೇಡಂ ಒಳ್ಳೇರು. "ಅಜ್ಜಿ ಹೇಳಿದ್ದೇ ಇವತ್ತಿನ ಪಾಠ, ಬರ್ಕೊಳಿ" ಅಂತ ಹುಡುಗೀರಿಗೆ ಹೇಳುದ್ರು.

ಹೊರಡೋವಾಗ ಒಬ್ಬಮ್ಮ, "ಹೊನಗೊನ್ನೆ ಸೊಪ್ಪು ದಿನಾ ತಿನ್ನಿ, ಪೊರೆ ಕರಗ್ತದೆ" ಅಂದ್ರು. ಆಗ ಮೇಡಂ ಹೇಳಿದ್ದನ್ನ ನೀವೂ ನೆನಪಿಟ್ಕಳಿ. ಇರುಳುಗಣ್ಣು ಬರದಂಗೆ ಸೊಪ್ಪು ಕಾಯುತ್ತೆ, ಆದ್ರೆ ಪೊರೆಗೆ ಸೊಪ್ಪೂ ಇಲ್ಲ, ಕಣ್ಣಿಗೆ ಬಿಡೋ ಹನಿ ಔಷಧಿನೂ ಇಲ್ಲ, ಆಪರೇಷನ್ನೇ ಗತಿ. ಇನ್ನೊಂದು ಮಾತು ನಮ್ಮತ್ತೆ ಸೇರಿಸುದ್ರು. ಅವರ ತವರು ಬಿಡದಿ ಹೋಬಳಿ, ಬೈರಮಂಗಲದ ಹತ್ರ. "ನಮ್ಮವ್ವನ ಮನೆ ಕೆರೆ ಏರಿ ಉದ್ದಕ್ಕೂ ಹೊನಗೊನ್ನೆ ಇತ್ತು. ಈಗ್ಲೂ ಐತೆ. ಆ ನೀರು ನೋಡಿದ್ರೆ ಕೀಳಾಕೆ ಕೈ ಬರಾಕಿಲ್ಲ" ಅಂದ್ರು. ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ಕಂಡು ಬಂದು ಸೇರೋದು ಅದೇ ಕೆರೆಗೆ. ಅದರ ನೊರೆ ನೀವೂ ನೋಡಿರ್ತೀರ. ಹೊನಗೊನ್ನೆ ಕೊಳಚೇಲೂ ಹಸಿರಾಗೇ ಬೆಳೆಯುತ್ತೆ. ಅಂಥಾ ನೀರಿನ ಸೊಪ್ಪು ಎಷ್ಟು ಸೊಂಪಾಗಿದ್ರೂ ಮನೆಗೆ ತರಬೇಡಿ.

ಮಾರನೇ ದಿನ ಬೆಳಿಗ್ಗೆ ನಾನೇ ಕುಕ್ಕೆ ತಗೊಂಡು, "ಅತ್ತೆಮ್ಮ, ಬನ್ನಿ ಹೊಲಕ್ಕೆ" ಅಂದೆ. ಕೈ ಹಿಡ್ಕೊಂಡು ಕರ್ಕೊಂಡೋದೆ. ರಾಗಿ ಮೊಣಕಾಲುದ್ದ ಬಂದಿತ್ತು. ಬದಿನ ಮೇಲೆ ಅವರು ಕೂತ್ರು, ನಾನು ಕಿತ್ತು ತಂದು ಅವರ ಮುಂದೆ ಇಡೋದು. ಅಣ್ಣೆ ಸುಲಭ, ಹೂವು ನರಿ ಬಾಲದಂಗೆ ಬೆಳ್ಳಗೆ, ತುದಿ ವಸಿ ಗುಲಾಬಿ. ಕನ್ನೆಗೆ ಪುಟ್ಟ ನೀಲಿ ಹೂವು. ಗೋಣಿ ನೆಲಕ್ಕಂಟ್ಕಂಡು ಕೆಂಪು ದಂಟು, ದಪ್ಪನೆ ಎಲೆ, ಬಾಯಿಗಿಟ್ರೆ ಹುಳಿ. ನಂಗೂ ಧೈರ್ಯ ಬಂತು. ತಿಪ್ಪೆ ಪಕ್ಕ ಗಣಿಕೆ ಎಳೇ ಗಿಡ ಚೆನ್ನಾಗಿ ಬಂದಿತ್ತು, ಒಂದು ಹಿಡಿ ತಂದು ಕುಕ್ಕೆಗೆ ಹಾಕಿ, "ಗಣಿಕೆ ಅತ್ತೆಮ್ಮ" ಅಂದೆ.

ನಮ್ಮತ್ತೆ ಕುಕ್ಕೇಲಿ ಕೈಯಾಡಿಸುದ್ರು. ಒಂದೆಲೆ ಹಿಡಿದು ಬೆರಳಲ್ಲಿ ಹೊಸಕಿ ಮೂಗಿನ ಹತ್ರ ತಗೊಂಡ್ರು. ತಟ್ಟನೆ ಆ ಹಿಡಿ ಪೂರ್ತಿ ಎತ್ತಿ ದೂರ ಎಸೆದು, "ಉಮ್ಮತ್ತಿ ಕಣವ್ವ ಇದು! ಮನೆಮಂದಿಗೆಲ್ಲ ಇಕ್ಕಿಬುಡ್ತಿದ್ದಲ್ಲ. ಮೂಸಿ ನೋಡು ಮೊದ್ಲು!" ಅಂತ ಗದರುದ್ರು.

ನಂಗೆ ಕೈಕಾಲು ತಣ್ಣಗಾಯ್ತು. ಉಮ್ಮತ್ತಿ ಗಿಡ ಅಂದ್ರೆ ಗೊತ್ತಲ್ಲ, ಬಿಳೀ ಕಹಳೆ ಹೂವು, ಮುಳ್ಳು ಮುಳ್ಳು ಕಾಯಿ, ವಿಷ. ದೊಡ್ಡ ಗಿಡ ಆದ್ರೆ ಮಕ್ಕಳೂ ಗುರುತು ಹಿಡೀತವೆ. ಎಳೇದ್ರಲ್ಲಿ ಎಲೆ ನೋಡಿದ್ರೆ ಗಣಿಕೆ ಹಂಗೇ ಕಾಣುತ್ತೆ. ಕಣ್ಣಿರೋ ನಾನು ಮೋಸ ಹೋದೆ, ಮಂಜುಗಣ್ಣಿನೋರು ಮೂಗಲ್ಲಿ ಹಿಡಿದ್ರು. ಅವರು ಬದಿನ ಮೇಲೆ ಇಲ್ದೆ ಇದ್ದಿದ್ರೆ ಆ ಸಂಜೆ ನಮ್ಮನೇಲಿ ಏನಾಗ್ತಿತ್ತೋ. ಕುಕ್ಕೆ ಪೂರ್ತಿ ಅಲ್ಲೇ ಸುರಿದು, ಒಂದೊಂದೇ ಎಲೆ ಅವರ ಕೈಗೆ ಕೊಟ್ಟು, ಅವರು ಹೂಂ ಅಂದ ಮೇಲೇ ಮತ್ತೆ ಹಾಕ್ಕಂಡೆ. ಉಮ್ಮತ್ತಿ ಮುಟ್ಟಿದ ಕೈ ಕಣ್ಣಿಗೆ ಇಕ್ಕಬ್ಯಾಡ ಅಂತ ಕೊಳವೆಬಾವಿ ನೀರಲ್ಲಿ ಚೆನ್ನಾಗಿ ತೊಳೆಸುದ್ರು.

ಅಷ್ಟಕ್ಕೇ ಮುಗೀಲಿಲ್ಲ. ಪಕ್ಕದ ಹೊಲದ ಬದಿನಲ್ಲಿ ಚಿಲಕರಿವೆ ಸೊಂಪಾಗಿತ್ತು, ಕೀಳಕ್ಕೆ ಬಗ್ಗಿದೆ. ಆ ಹೊಲದ ಹುಡುಗ ಓಡಿ ಬಂದು, "ಬ್ಯಾಡ ಚಿಕ್ಕಮ್ಮ, ಮೊನ್ನೆ ತಾನೇ ಕಳೆ ಔಷಧಿ ಹೊಡ್ದಿವ್ನಿ" ಅಂದ. ಎಲೆ ಮೇಲೆ ಒಂದು ಚುಕ್ಕೆ ಇಲ್ಲ, ಬಾಡಿಲ್ಲ, ಹಚ್ಚಗೆ ನಿಂತಿತ್ತು. ಕೆಲವು ಔಷಧಿ ಹೊಡೆದ ಮೇಲೆ ಗಿಡ ಒಣಗಕ್ಕೆ ವಾರವೇ ಹಿಡಿಯುತ್ತೆ, ಅಲ್ಲೀವರೆಗೂ ಚೆನ್ನಾಗೇ ಕಾಣುತ್ತೆ. ನಮ್ಮತ್ತೆಯ ಮೂಗಿಗೂ ಇದು ಸಿಗ್ತಿರಲಿಲ್ಲ. ಅವನ್ನ ಬೈಯಕ್ಕೂ ಬಾಯಿ ಬರಲ್ಲ. ಕಳೆ ಕೀಳೋ ಆಳಿಗೆ ಕೂಲಿ ಕೊಟ್ಟು ಪೂರೈಸಲ್ಲ, ಕೊಡ್ತೀನಂದ್ರೂ ಆಳು ಸಿಗಲ್ಲ. ನಮ್ಮ ಹೊಲಕ್ಕೂ ಹೋದ ವರ್ಷ ನಾವೇ ಹೊಡೆಸಿದ್ವಿ.

ಆವತ್ತು ರಾತ್ರಿ ನಮ್ಮೆಜಮಾನ್ರ ಹತ್ರ ಮಾತಾಡಿ ಒಂದು ತೀರ್ಮಾನ ಮಾಡ್ಕಂಡ್ವಿ. ಮನೆ ಹತ್ರದ ಬದು, ಅದರ ಪಕ್ಕದ ನಾಲ್ಕು ಸಾಲು, ಇಷ್ಟಕ್ಕೆ ಇನ್ಮೇಲೆ ಔಷಧಿ ಹೊಡೆಯೋಂಗಿಲ್ಲ. ಅದು ಬೆರಕೆ ಸೊಪ್ಪಿನ ಜಾಗ. ಒಂದೊಂದು ಜಾತೀಲೂ ಎರಡೆರಡು ಗಿಡ ಕೀಳದೆ ಹೂವಾಗಿ ಬೀಜ ಉದುರಕ್ಕೆ ಬಿಡೋದು. ಪೊಟ್ಟಣದ ದಂಟು, ಬೆಂಡೆ ಹಿತ್ತಿಲಲ್ಲಿ ಹಾಕಿದ್ದೀವಿ. ಇದು ಮಾತ್ರ ಹೊಲದಲ್ಲೇ. ಹೂವು ಕಾಯಿ ಕಣ್ಣಾರೆ ನೋಡದೆ ಯಾವ ಗಿಡವನ್ನೂ ಕುಕ್ಕೆಗೆ ಹಾಕಬಾರದು ಅಂತ ನಂಗೆ ನಾನೇ ಕಟ್ಟು ಹಾಕ್ಕೊಂಡಿದ್ದೀನಿ. ಗಣಿಕೆಗೆ ಪುಟ್ಟ ಪುಟ್ಟ ಬಿಳೀ ನಕ್ಷತ್ರದ ಹೂವು, ಗುಂಡನೆ ಕಾಯಿ ಗೊಂಚಲು, ಹಣ್ಣಾದ್ರೆ ಕರೀದು. ಅಷ್ಟು ಕಂಡ ಮೇಲೇ ಗಣಿಕೆ. ವಾರಕ್ಕೊಂದು ಸೊಪ್ಪು ಕಲೀತಿದ್ದೀನಿ. ಮಗಳೂ ಭಾನುವಾರ ಬರ್ತಾಳೆ. ಅವಳು ಫೋನಲ್ಲಿ ಫೋಟೋ ತೆಗೀತಾಳೆ. ನಮ್ಮತ್ತೆ, "ಪೋಟ ಮೂಸಾಕಾಯ್ತದಾ?" ಅಂತ ಕೇಳಿ ನಗಾಡ್ತಾರೆ. ಮೊನ್ನೆ ಅದೇ ಮಗಳು ಕಾಲೇಜಿಗೆ ಡಬ್ಬಿಗೆ ಮುದ್ದೆ, ಮಸ್ಸೊಪ್ಪು ಹಾಕ್ಸಿಕೊಂಡು ಹೋದ್ಲು. ಮುಚ್ಚಳ ತೆಗೆದೇ ಉಂಡಳಂತೆ.

ಅತ್ತಿಗೆ, ನೀವು ಕೇಳಿದ್ದು ಮರ್ತಿಲ್ಲ. ನಾಲ್ಕು ಜನಕ್ಕೆ ದೊಡ್ಡ ಕುಕ್ಕೆ ಸೊಪ್ಪು ಬೇಕು, ಬೆಂದ್ರೆ ಹಿಡಿಯಷ್ಟಾಗುತ್ತೆ. ಎಳೇದು ಮಾತ್ರ ಬಿಡಿಸಿ, ಮಣ್ಣು ಹೋಗೋವರೆಗೂ ಮೂರು ನೀರಲ್ಲಿ ತೊಳೀರಿ. ಗೋಣಿ ಹುಳಿ, ಅದು ಒಂದು ಹಿಡಿ ಸಾಕು. ಗಣಿಕೆ ವಸಿ ಕಹಿ, ಅದೂ ಅಷ್ಟೇ. ಮಿಕ್ಕಿದ್ದು ಅಣ್ಣೆ, ಚಿಲಕರಿವೆ, ಕನ್ನೆ ಇರ್ಲಿ. ಒಂದು ಲೋಟ ತೊಗರಿಬೇಳೆ ಅರ್ಧ ಬೆಂದ ಮೇಲೆ ಸೊಪ್ಪು, ಎರಡು ಈರುಳ್ಳಿ, ಟೊಮೊಟೊ, ಖಾರಕ್ಕೆ ತಕ್ಕಷ್ಟು ಹಸಿಮೆಣಸಿನಕಾಯಿ, ಆರೇಳು ಎಸಳು ಬೆಳ್ಳುಳ್ಳಿ, ಚೂರು ಹುಣಸೆ ಹಾಕಿ ಬೇಯಿಸಿ. ನೀರು ಬೇರೆ ತೆಗೆದಿಟ್ಟು, ಉಪ್ಪು ಹಾಕಿ ಮಸೀರಿ. ಮಿಕ್ಸಿಗೆ ಹಾಕಬೇಡಿ, ಗೋಂದಾಗುತ್ತೆ. ಆಮೇಲೆ ತೆಗೆದಿಟ್ಟ ನೀರು ಸೇರಿಸಿ ಒಂದು ಕುದಿ. ಸಾಸಿವೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಬಿಸಿ ಮುದ್ದೆ ಜೊತೆ ಉಣ್ಣಿ, ಕಾಫಿ ಒಂದು ಗಂಟೆ ಆದ ಮೇಲೆ.

ಆದ್ರೆ ಅತ್ತಿಗೆ, ಕೀಳೋದು ಬರೆದು ಕಳಿಸೋಂಥದ್ದಲ್ಲ. ನನ್ನ ಬರಹ ನೋಡ್ಕಂಡು ಯಾರೂ ಹೊಲಕ್ಕಿಳೀಬೇಡಿ. ನಿಮ್ಮನೇಲಿ, ನಿಮ್ಮ ಕೇರೀಲಿ ಗೊತ್ತಿರೋ ಅಜ್ಜಿ ಇನ್ನೂ ಇರ್ತಾರೆ. ಮಳೆ ನಿಲ್ಲೋದರೊಳಗೆ ಅವರ ಕೈ ಹಿಡ್ಕೊಂಡು ಒಂದ್ಸಲ ಬದಿನ ಮೇಲೆ ಕೂರ್ಸಿ. ಮೊದಲು ಅವರ ಕೈಲಿ ಹೂಂ ಅನ್ನಿಸ್ಕೊಳ್ಳಿ.

ನಮ್ಮತ್ತೆ ಈಗ ದಿನಾ ಕ್ಯಾಲೆಂಡರ್ ಕೇಳ್ತಾರೆ, ದಸರಾಕ್ಕೆ ಇನ್ನೆಷ್ಟು ದಿನ ಅಂತ. ಕಣ್ಣು ಬಂದ ಮೇಲೆ ಮೊದ್ಲು ಏನು ನೋಡ್ತೀರ ಅತ್ತೆಮ್ಮ, ಮೊಮ್ಮಗಳ ಮುಖವಾ ಅಂತ ಕೇಳಿದೆ.

"ನಿನ್ ಕುಕ್ಕೆ ಕಣವ್ವ," ಅಂದ್ರು.